ಲಿನಕ್ಸ್: ಕಪ್ಪು ಪರದೆಗೆ ಹೆದರುವುದೇಕೆ?

ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಬೇಕಿಲ್ಲ. ಕೈಯಲ್ಲಿ ಒಂದು ಪೆನ್ ಡ್ರೈವ್, ಮನಸ್ಸಿನಲ್ಲಿ ಸ್ವಲ್ಪ ತಾಳ್ಮೆ ಇದ್ದರೆ ತಾಲೂಕು ಊರಿನ ವಿದ್ಯಾರ್ಥಿಯೂ ಕಂಪ್ಯೂಟರಿನ ಒಳಮನೆಯನ್ನು ಹೊಕ್ಕು ಬರಬಹುದು.

ಬೈಲಹೊಂಗಲದ ಬಜಾರದಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಯಲ್ಲಾಗಲಿ, ಎಷ್ಟೋ ಮನೆಗಳಿಗೆ ಬಂದಿರುವ ಮೊದಲ ಕಂಪ್ಯೂಟರ್ ಯಾರೋ ಬಳಸಿ ಬಿಟ್ಟದ್ದು. ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ಸೆಕೆಂಡ್ ಹ್ಯಾಂಡ್ ತಂದದ್ದು, ಇಲ್ಲವೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಕಾಕಾ ಹೊಸದು ಕೊಂಡಾಗ ಹಳೆಯದನ್ನು ಊರಿಗೆ ಕಳಿಸಿಕೊಟ್ಟದ್ದು. ಮಗ ಡಿಪ್ಲೊಮಾ ಓದುತ್ತಾನೆ, ಮಗಳು ಪಿಯುಸಿ ಮುಗಿಸಿ ಬಿಸಿಎಗೆ ಸೇರುತ್ತಾಳೆ ಎಂಬ ಆಸೆಯಿಂದ ಅದಕ್ಕೊಂದು ಮೇಜು, ಮೇಲೊಂದು ಹೊದಿಕೆ. ಆದರೆ ಅಂಥ ಯಂತ್ರಗಳಿಗೆ ಈಗ ಹೊಸ ತಾಪತ್ರಯ ಬಂದಿದೆ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಕೇಳುವ ಪ್ರೊಸೆಸರು, ಭದ್ರತಾ ಚಿಪ್ಪು ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ.

ಹೊಸ ಲ್ಯಾಪ್‌ಟಾಪ್ ಎಂದರೆ ಒಂದು ಹಂಗಾಮಿನ ಹತ್ತಿಯ ದುಡ್ಡೇ ಕೈಬಿಟ್ಟೀತು. ರಿಪೇರಿ ಅಂಗಡಿಯಲ್ಲಿ ಸಿಗುವ ಕಳ್ಳಪ್ರತಿ ಹಾಕಿಸಿದರೆ ಕಾನೂನಿನ ತೊಡಕಿನ ಜತೆಗೆ ವೈರಸ್ಸಿನ ಕಾಟವೂ ಸೇರುತ್ತದೆ. ಹಾಗಾದರೆ ದಾರಿ ಏನು? ಬಲ್ಲವರು ತೋರಿಸುವ ದಾರಿಯ ಹೆಸರು ಲಿನಕ್ಸ್. ದುಡ್ಡು ಕೊಡಬೇಕಿಲ್ಲ, ಒಬ್ಬರು ಇಳಿಸಿಕೊಂಡದ್ದನ್ನು ಹತ್ತು ಜನಕ್ಕೆ ಹಂಚಿದರೆ ಅಪರಾಧವೂ ಅಲ್ಲ. ಆದರೂ ಬಹಳ ಮಂದಿ ಅದರ ಹತ್ತಿರ ಸುಳಿಯುವುದಿಲ್ಲ. ಕಾರಣ ಒಂದೇ: ಆ ಕಪ್ಪು ಪರದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಮಿಣಿಮಿಣಿ ಮಿಂಚುವ ಒಂದು ಗೆರೆ ಮಾತ್ರ. ಏನೋ ಒತ್ತಿ ಏನೋ ಆದೀತೆಂಬ ಅಂಜಿಕೆ.

ಈ ಅಂಜಿಕೆ ಎಷ್ಟರ ಮಟ್ಟಿಗೆ ನಿಜ?

ಹೆಲ್ಸಿಂಕಿಯ ಹುಡುಗನ ಹವ್ಯಾಸ

ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ದುಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಕಟ್ಟತೊಡಗಿದ ಯುನಿಕ್ಸ್ ಅಂಥದೊಂದು ವ್ಯವಸ್ಥೆ. ಅದು ದೊಡ್ಡ ಯಂತ್ರಗಳ, ದೊಡ್ಡ ಸಂಸ್ಥೆಗಳ ಸೊತ್ತಾಗಿತ್ತು. ಅದರ ಮಾದರಿಯಲ್ಲೇ, ಆದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯೊಂದು ಬೇಕೆಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ಹಲವು ಸಲಕರಣೆಗಳು ಸಿದ್ಧವಾದವು. ನಡುವಿನ ತಿರುಳು ಮಾತ್ರ ಬಾಕಿ ಉಳಿಯಿತು. ಅದನ್ನು ಒದಗಿಸಿದ್ದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್. ಬರೀ ಹವ್ಯಾಸಕ್ಕೆಂದು ತೊಡಗಿದ ಕೆಲಸವನ್ನು 1991ರ ಆಗಸ್ಟಿನಲ್ಲಿ ಆತ ಜಗತ್ತಿಗೆ ತಿಳಿಸಿದ. ಮರುವರ್ಷ ಅದನ್ನು ಗ್ನೂ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟ.

ಉಳಿದದ್ದು ಇತಿಹಾಸ. ಇಂದು ಆಂಡ್ರಾಯ್ಡ್ ಫೋನುಗಳ ಒಳಗಿರುವ ತಿರುಳು ಲಿನಕ್ಸ್. ಜಗತ್ತಿನ 500 ಅತಿ ವೇಗದ ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಲಿನಕ್ಸ್ ಬಿಟ್ಟರೆ ಬೇರೊಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ತಂತ್ರಜ್ಞರೂ ಕೂಡಿ ಈ ಶತಮಾನದ ಆರಂಭದಲ್ಲಿ ರೂಪಿಸಿದ ಅಂಗೈಯಗಲದ ಸಿಂಪ್ಯೂಟರ್ ಕೂಡ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಅಂದರೆ ಸವದತ್ತಿಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಫಲಿತಾಂಶ ನೋಡಿದರೂ ಆಕೆ ಲಿನಕ್ಸ್ ಬಳಸಿದ ಹಾಗೆಯೇ. ಗೊತ್ತಿಲ್ಲದೆ ಬಳಸುವುದಕ್ಕೂ ಗೊತ್ತಿದ್ದು ನಡೆಸುವುದಕ್ಕೂ ಅಂತರವಿದೆ ಅಷ್ಟೆ. ಬಸ್ಸಿನಲ್ಲಿ ಕೂಡುವವನಿಗೂ ಸ್ಟೇರಿಂಗ್ ಹಿಡಿಯುವವನಿಗೂ ಇರುವ ಅಂತರ ಅದು.

ಮಂಜೇಶ್ವರದ ಮಕ್ಕಳು ಮತ್ತು ನಮ್ಮ ಮಕ್ಕಳು

ಇದೆಲ್ಲ ನಗರದ ಮಕ್ಕಳಿಗೆ, ಇಂಗ್ಲಿಷ್ ಮಾಧ್ಯಮದವರಿಗೆ ಎನ್ನುವ ಪಾಲಕರು ಒಮ್ಮೆ ಕಾಸರಗೋಡಿನತ್ತ ನೋಡಬೇಕು. ಕೇರಳ ಸರ್ಕಾರ ತನ್ನ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಪ್ರೌಢಶಾಲೆಗಳು ದುಡ್ಡಿನ ತಂತ್ರಾಂಶವನ್ನು ಕೈಬಿಟ್ಟು ಲಿನಕ್ಸ್‌ಗೆ ಬಂದವು. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಯೂ ಅದರ ಮೇಲೆಯೇ ನಡೆಯತೊಡಗಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಆಧಾರದ ಮೇಲೆ ಶಾಲೆಗಳಿಗೆಂದೇ ಅದು ತನ್ನದೊಂದು ಲಿನಕ್ಸ್ ಸಿದ್ಧಪಡಿಸಿಕೊಡುತ್ತದೆ.

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ಪಾಠ. ಪಠ್ಯಪುಸ್ತಕ ಕನ್ನಡದಲ್ಲಿದೆ, ಮುಂದಿರುವ ಯಂತ್ರದಲ್ಲಿ ಲಿನಕ್ಸ್ ಇದೆ. ಕನ್ನಡದಲ್ಲಿ ಓದುವ ಹತ್ತನೆಯ ತರಗತಿಯ ಮಗು ಅಲ್ಲಿ ಕಲಿಯುವುದನ್ನು ಇಲ್ಲಿ ಬೈಲಹೊಂಗಲದ ಮಗು ಕಲಿಯಲಾರದೆ?

ಕರ್ನಾಟಕ ಏನೂ ಮಾಡಿಲ್ಲವೆಂದಲ್ಲ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು, ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶಗಳನ್ನೇ ಬಳಸಲಾಯಿತು. ತರಬೇತಿ ಪಡೆದ ಶಿಕ್ಷಕರು ಜಿಲ್ಲೆಜಿಲ್ಲೆಯಲ್ಲಿದ್ದಾರೆ. ಬೆಳಗಾವಿಯಲ್ಲೇ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ಪದವಿಯಲ್ಲಿ ಯುನಿಕ್ಸ್ ಮತ್ತು ಶೆಲ್ ಪಾಠ ಬಹುಕಾಲ ಇತ್ತು. ವಿದ್ಯಾರ್ಥಿಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಮೊದಲ ದಿನವೇ ಕಪ್ಪು ಪರದೆ ಎದುರಾಗಿ ಕಕ್ಕಾಬಿಕ್ಕಿಯಾಗುವ ಬದಲು ಮನೆಯಲ್ಲೇ ಅದರ ಪರಿಚಯವಾದರೆ ಒಳ್ಳೆಯದಲ್ಲವೆ?

ಅಳಿಸದೆ ನೋಡುವ ಉಪಾಯ

ಲಿನಕ್ಸ್ ಒಂದೇ ರೂಪದಲ್ಲಿ ಬರುವುದಿಲ್ಲ. ಗೋದಿ ಒಂದೇ ಆದರೂ ಚಪಾತಿ, ಹುಗ್ಗಿ, ಮಾದಲಿ ಬೇರೆ ಬೇರೆಯಲ್ಲವೆ? ಹಾಗೆಯೇ ತಿರುಳು ಒಂದೇ, ಅದರ ಸುತ್ತ ಕಟ್ಟಿದ ಆವೃತ್ತಿಗಳು ಹಲವು. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ, ಡೆಬಿಯನ್ ಇವು ಹೆಸರುವಾಸಿ. ನಮ್ಮ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಕೂಡ ಇದೇ ಕುಲದ್ದು. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 2 ಜಿಬಿ ಮೆಮೊರಿ ಇದ್ದರೆ ಹೇಗೋ ನಡೆಯುತ್ತದೆ, 4 ಜಿಬಿ ಇದ್ದರೆ ಸಲೀಸು.

ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಇದನ್ನು ಹಾರ್ಡ್ ಡಿಸ್ಕಿಗೆ ಕೈ ಹಚ್ಚದೆ ಪರೀಕ್ಷಿಸಬಹುದು. 8 ಜಿಬಿ ಪೆನ್ ಡ್ರೈವಿಗೆ ಮಿಂಟ್ ಏರಿಸಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿದರೆ ಪೂರ್ತಿ ವ್ಯವಸ್ಥೆ ಕಣ್ಣೆದುರು ಬರುತ್ತದೆ. ಪೆನ್ ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದರೆ ಹಳೆಯ ವಿಂಡೋಸ್ ಇದ್ದಹಾಗೇ ಇರುತ್ತದೆ. ವೈಫೈ ಹತ್ತುತ್ತದೆಯೆ, ಧ್ವನಿ ಬರುತ್ತದೆಯೆ, ಪ್ರಿಂಟರ್ ಸಿಗುತ್ತದೆಯೆ ಎಂದು ಈ ಹಂತದಲ್ಲೇ ನೋಡಿಕೊಳ್ಳಬೇಕು. ಪೆನ್ ಡ್ರೈವಿನಿಂದ ನಡೆಯುವಾಗ ವೇಗ ತುಸು ಕಡಿಮೆ ಎಂಬುದೂ ನೆನಪಿರಲಿ. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದ ಮಾಹಿತಿ ಅಳಿಸಿಹೋಗುವುದರಿಂದ ಅದನ್ನು ಬೇರೆಡೆ ನಕಲು ಮಾಡಿಟ್ಟಿರಬೇಕು.

ಕಂಪ್ಯೂಟರೇ ಇಲ್ಲದ ಮನೆಯ ಮಕ್ಕಳು ನಿರಾಶರಾಗಬೇಕಿಲ್ಲ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮುಂದೆ ಹೇಳುವ ಪಾಠಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಮಾಡಬಹುದು. ವಿಂಡೋಸ್ 11 ಇರುವ ಹೊಸ ಯಂತ್ರವಿದ್ದರೆ ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಸೌಲಭ್ಯವನ್ನು ಮೈಕ್ರೋಸಾಫ್ಟ್ ಕಂಪನಿಯೇ ಕೊಟ್ಟಿದೆ.

ಮು.ಪೋ. ಸಂಗೊಳ್ಳಿ, ತಾ. ಬೈಲಹೊಂಗಲ

ಕಂಟ್ರೋಲ್, ಆಲ್ಟ್, ಟಿ ಈ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಉಬುಂಟು, ಮಿಂಟ್‌ಗಳಲ್ಲಿ ಟರ್ಮಿನಲ್ ತೆರೆಯುತ್ತದೆ. ಇದೇ ಆ ಕಪ್ಪು ಪರದೆ. ಇದನ್ನು ಶಾಲೆಯ ಪಾಟಿ ಎಂದುಕೊಂಡರೆ ಅರ್ಧ ಅಂಜಿಕೆ ಹೋಗುತ್ತದೆ. ಒಂದು ಸಾಲು ಬರೆಯುವುದು, ಎಂಟರ್ ಒತ್ತುವುದು, ಉತ್ತರ ಓದುವುದು. ತಪ್ಪು ಬರೆದರೆ ಬಹುತೇಕ ಸಲ ‘ಈ ಆದೇಶ ನನಗೆ ಗೊತ್ತಿಲ್ಲ’ ಎಂಬರ್ಥದ ಉತ್ತರ ಬರುತ್ತದೆ, ಅಷ್ಟೆ. ಇಲ್ಲಿ ಬಿಡಿಸಿ ಹೇಳಿದ ಆದೇಶಗಳನ್ನು ಕೀಲಿಮಣೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ದೊಡ್ಡಕ್ಷರ, ಸಣ್ಣಕ್ಷರ ಲಿನಕ್ಸ್‌ಗೆ ಬೇರೆ ಬೇರೆ.

ಮೊದಲ ಆದೇಶ ಪಿ-ಡಬ್ಲ್ಯು-ಡಿ. ರಸ್ತೆ ಮಾಡುವ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ. ‘ನಾನೀಗ ಎಲ್ಲಿದ್ದೇನೆ’ ಎಂದು ಕೇಳುವ ಪ್ರಶ್ನೆ ಇದು. ಎಲ್-ಎಸ್ ಎಂದರೆ ‘ಇಲ್ಲಿ ಏನೇನಿದೆ’ ತೋರಿಸು. ಸಿ-ಡಿ ಎಂದರೆ ‘ಅಲ್ಲಿಗೆ ಹೋಗು’. ಎಂ-ಕೆ-ಡಿ-ಐ-ಆರ್ ಎಂದರೆ ಹೊಸ ಫೋಲ್ಡರು ಮಾಡು. ಸಿ-ಪಿ ನಕಲು ಮಾಡುತ್ತದೆ, ಎಂ-ವಿ ಸ್ಥಳಾಂತರಿಸುತ್ತದೆ, ಆರ್-ಎಂ ಅಳಿಸುತ್ತದೆ. ಈ ಏಳು ಆದೇಶ ಕೈಗೆ ಬಂದರೆ ಅಂಗಳ ದಾಟಿ ಪಡಸಾಲೆಗೆ ಬಂದಂತೆ.

ಫೋಲ್ಡರಿನೊಳಗೆ ಫೋಲ್ಡರು ಇರುವ ವ್ಯವಸ್ಥೆ ನಮ್ಮ ಕಾಗದದ ವಿಳಾಸದಂತೆಯೇ. ‘ಮು.ಪೋ. ಸಂಗೊಳ್ಳಿ, ತಾ. ಬೈಲಹೊಂಗಲ, ಜಿ. ಬೆಳಗಾವಿ’ ಎಂದು ಬರೆಯುವುದು ರೂಢಿ. ಲಿನಕ್ಸ್ ಅದನ್ನೇ ತಿರುಗಿಸಿ, ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ: ಬೆಳಗಾವಿ/ಬೈಲಹೊಂಗಲ/ಸಂಗೊಳ್ಳಿ. ನಡುವಿನ ಓರೆಗೆರೆಯೇ ಊರುಗಳ ನಡುವಿನ ಗಡಿ. ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ಯಾವ ಅಡ್ಡಿಯೂ ಇಲ್ಲ. ಹೆಸರಿನ ನಡುವೆ ಖಾಲಿ ಜಾಗ ಬಿಡುವ ಬದಲು ಅಡ್ಡಗೆರೆ ಹಾಕುವುದು ಜಾಣತನ. ಖಾಲಿ ಜಾಗ ಕಂಡರೆ ಟರ್ಮಿನಲ್ ಅದನ್ನು ಎರಡು ಹೆಸರೆಂದು ತಿಳಿಯುತ್ತದೆ.

ಮೊದಲ ಅಭ್ಯಾಸಕ್ಕೆ ಮಕ್ಕಳು ತಮ್ಮ ಜಿಲ್ಲೆಯನ್ನೇ ಕಟ್ಟಿಕೊಳ್ಳಬಹುದು. ಬೆಳಗಾವಿ ಎಂಬ ಫೋಲ್ಡರು, ಅದರೊಳಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗ. ಬೈಲಹೊಂಗಲದೊಳಗೆ ಸಂಗೊಳ್ಳಿ, ಕಿತ್ತೂರು. ಆದರೆ ಕಿತ್ತೂರು ಈಗ ಬೈಲಹೊಂಗಲ ತಾಲೂಕಿನಲ್ಲಿಲ್ಲ, ತಾನೇ ಒಂದು ತಾಲೂಕಾಗಿದೆ! ಹಾಗಾದರೆ ಎಂ-ವಿ ಆದೇಶ ಕೊಟ್ಟು, ‘ಬೆಳಗಾವಿ/ಬೈಲಹೊಂಗಲ/ಕಿತ್ತೂರು’ ಎಂಬುದನ್ನು ‘ಬೆಳಗಾವಿ’ಯೊಳಕ್ಕೆ ಸರಿಸಿದರಾಯಿತು. ಸರ್ಕಾರಕ್ಕೆ ವರ್ಷಗಟ್ಟಲೆ ಹಿಡಿದ ಕೆಲಸ ಇಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವುದು ಹೇಗೆ? ಎರಡು ಚುಕ್ಕೆ ಎಂದರೆ ‘ಒಂದು ಮೆಟ್ಟಿಲು ಮೇಲೆ’. ಸಿ-ಡಿ ಬರೆದು, ಒಂದು ಜಾಗ ಬಿಟ್ಟು, ಎರಡು ಚುಕ್ಕೆ, ಓರೆಗೆರೆ, ರಾಮದುರ್ಗ ಎಂದರೆ ಜಿಲ್ಲೆಗೆ ಏರಿ ಮತ್ತೊಂದು ತಾಲೂಕಿಗೆ ಇಳಿದಂತಾಯಿತು. ಇದನ್ನು ಒಂದು ಸಂಜೆ ಆಡಿದ ಮಗುವಿಗೆ ಫೋಲ್ಡರುಗಳ ಮರ ಮತ್ತೆ ಮರೆಯದು.

ಕೆಲವು ಸಣ್ಣ ಗುಟ್ಟುಗಳಿವೆ. ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬುತ್ತದೆ. ಮೇಲ್ಮುಖ ಬಾಣ ಒತ್ತಿದರೆ ಹಿಂದೆ ಕೊಟ್ಟ ಆದೇಶ ಮರಳಿ ಬರುತ್ತದೆ. ಏನೋ ಓಡುತ್ತಲೇ ಇದ್ದರೆ ಕಂಟ್ರೋಲ್ ಜತೆ ಸಿ ಒತ್ತಿ ನಿಲ್ಲಿಸಬಹುದು. ಆದೇಶದ ವಿವರ ಬೇಕಾದರೆ ಅದರ ಹೆಸರಿನ ಮೊದಲು ಎಂ-ಎ-ಎನ್ ಎಂದು ಬರೆದರೆ ಬಹುತೇಕ ಸಲ ಕೈಪಿಡಿ ತೆರೆಯುತ್ತದೆ. ಹೊರಬರಲು ಕ್ಯೂ ಒತ್ತಬೇಕು. ಹೊರಬರುವ ದಾರಿ ತಿಳಿಯದೆ ಕಂಪ್ಯೂಟರನ್ನೇ ಬಂದ್ ಮಾಡಿದವರು ಉಂಟು!

ಮಗ್ಗಕ್ಕೂ ಆದೇಶಕ್ಕೂ ನಂಟು

ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಸುಲಭವಾಗಿ ಆಗುವ ಕೆಲಸಕ್ಕೆ ಇಷ್ಟೆಲ್ಲ ಬರೆಯುವುದೇಕೆ? ಇದು ನ್ಯಾಯವಾದ ಪ್ರಶ್ನೆ. ಉತ್ತರ ರಾಮದುರ್ಗದ ನೇಕಾರರಿಗೆ ಹೇಳಿಕೊಡಬೇಕಿಲ್ಲ. ಒಂದು ಹೂವನ್ನು ಕೈಯಿಂದ ಎಳೆ ಎತ್ತಿ ನೇಯಬಹುದು. ಆದರೆ ಸೆರಗಿನ ತುಂಬ ಅದೇ ಹೂವು ಬೇಕೆಂದರೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಜಕಾರ್ಡಿಗೆ ಏರಿಸಬೇಕು. ಒಮ್ಮೆ ಬರೆದಿಟ್ಟ ಆದೇಶ ನೂರು ಸಲ ತಾನಾಗಿ ನಡೆಯುತ್ತದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಆ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ನಕ್ಷೆಗೆ ತೆಗೆದುಕೊಂಡ. ಕಂಪ್ಯೂಟರಿನ ವಂಶವೃಕ್ಷದಲ್ಲಿ ಮಗ್ಗಕ್ಕೂ ಜಾಗವಿದೆ.

ಕಿತ್ತೂರಿನ ಕೋಟೆಗೆ ಪ್ರವಾಸ ಹೋದ ತರಗತಿಯೊಂದು 200 ಫೋಟೊ ತೆಗೆದು ತಂದಿತು ಎನ್ನೋಣ. ಕ್ಯಾಮೆರಾ ಕೊಟ್ಟ ಅರ್ಥವಿಲ್ಲದ ಹೆಸರುಗಳನ್ನು ‘ಕಿತ್ತೂರು-1’, ‘ಕಿತ್ತೂರು-2’ ಎಂದು ಒಂದೊಂದಾಗಿ ಬದಲಿಸಲು ಒಂದು ಮಧ್ಯಾಹ್ನ ಬೇಕು. ಟರ್ಮಿನಲ್ಲಿನಲ್ಲಿ ನಾಲ್ಕು ಸಾಲಿನ ಪುಟ್ಟ ಆದೇಶಪತ್ರ ಬರೆದರೆ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಇಂಥ ಆದೇಶಪತ್ರಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ.

ಒಂದು ಆದೇಶದ ಉತ್ತರವನ್ನು ಇನ್ನೊಂದರ ಬಾಯಿಗೆ ಹಾಕುವ ಕೊಳವೆ ಇನ್ನೊಂದು ಸೋಜಿಗ. ಡಗ್ಲಸ್ ಮ್ಯಾಕ್‌ಇಲ್ರಾಯ್ ಅವರ ಯೋಚನೆಯಂತೆ 1973ರಲ್ಲಿ ಯುನಿಕ್ಸ್‌ಗೆ ಸೇರಿದ ಈ ಪೈಪ್, ಕೀಲಿಮಣೆಯಲ್ಲಿ ನೆಟ್ಟಗೆ ನಿಂತ ಒಂದು ಗೆರೆ ಮಾತ್ರ. ಬೈಲಹೊಂಗಲದ ಮಾರುಕಟ್ಟೆಯ ದರಗಳನ್ನು ವಿದ್ಯಾರ್ಥಿಯೊಬ್ಬ ಪ್ರತಿದಿನ ಪತ್ರಿಕೆ ನೋಡಿ ‘ದರ’ ಎಂಬ ಫೈಲಿನಲ್ಲಿ ಬರೆದಿಡುತ್ತಾನೆ ಎನ್ನೋಣ. ಸಾಲಿಗೊಂದರಂತೆ ಮೊದಲು ದರ, ಆಮೇಲೆ ಬೆಳೆ, ಆಮೇಲೆ ತಾರೀಖು. ವರ್ಷದ ಕೊನೆಗೆ ಹತ್ತಿಗೆ ಸಿಕ್ಕ ಅತಿ ಹೆಚ್ಚಿನ ದರ ಯಾವುದು? ‘ಗ್ರೆಪ್’ ಆದೇಶ ಹತ್ತಿಯ ಸಾಲುಗಳನ್ನಷ್ಟೇ ಆರಿಸುತ್ತದೆ. ಅದನ್ನು ಕೊಳವೆಯಿಂದ ‘ಸಾರ್ಟ್’ಗೆ ಕೊಟ್ಟು ‘-ಎನ್’ ಎಂದರೆ ಸಂಖ್ಯೆಯಂತೆ ಏರಿಕೆಯ ಕ್ರಮದಲ್ಲಿ ಜೋಡಿಸುತ್ತದೆ. ಅದನ್ನು ‘ಟೇಲ್’ಗೆ ಕೊಟ್ಟು ‘-ಎನ್ 1’ ಎಂದರೆ ಕೊನೆಯ ಸಾಲನ್ನು ಮಾತ್ರ ತೋರಿಸುತ್ತದೆ. ಒಬ್ಬ ಕೇರಿದ, ಇನ್ನೊಬ್ಬ ರಾಶಿ ಮಾಡಿದ, ಮತ್ತೊಬ್ಬ ಅಳೆದ, ಸುಗ್ಗಿಯ ಕಣದಂತೆಯೇ! ಸವದತ್ತಿಯ ವಿದ್ಯಾರ್ಥಿ ಇದೇ ರೀತಿ ನವಿಲುತೀರ್ಥ ಅಣೆಕಟ್ಟಿನ ನೀರಿನ ಮಟ್ಟವನ್ನು ದಿನವೂ ಬರೆದಿಡಬಹುದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದ್ದನ್ನು ಕಂಡ ಊರುಗಳಲ್ಲಿ ಇಂಥ ಲೆಕ್ಕ ಬರೀ ಪಾಠವಾಗಿ ಉಳಿಯುವುದಿಲ್ಲ.

ಕನ್ನಡದ ಅಕ್ಷರ ಎಣಿಸಿದಾಗ

ಲಿನಕ್ಸ್‌ನಲ್ಲಿ ಕನ್ನಡ ಬರೆಯಲು ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ. ಕೀಲಿಮಣೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಆರಿಸಿದರೆ ಕಗಪ ವಿನ್ಯಾಸ ಸಿಗುತ್ತದೆ. ಕೆ.ಪಿ. ರಾವ್ ಅವರ ತರ್ಕದ ಮೇಲೆ ನಿಂತ, ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಇದೇ ವಿನ್ಯಾಸವನ್ನು ನುಡಿಯಲ್ಲಿ ಟೈಪ್ ಮಾಡಿದವರೆಲ್ಲ ಬಲ್ಲರು. ಹಳೆಯ ನುಡಿ, ಬರಹಗಳ ಆಸ್ಕಿ ಫಾಂಟಿನಲ್ಲಿ ಬರೆದ ದಾಖಲೆಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಇಲ್ಲೊಂದು ಚಂದದ ಪ್ರಯೋಗ ಮಾಡಬಹುದು. ‘ಎಕೋ -ಎನ್ ಕಿತ್ತೂರು’ ಎಂಬುದನ್ನು ಕೊಳವೆಯಿಂದ ಡಬ್ಲ್ಯು-ಸಿ ಎಂಬ ಎಣಿಕೆಯ ಆದೇಶಕ್ಕೆ ಕೊಟ್ಟು ‘-ಎಂ’ ಎಂದರೆ ಉತ್ತರ 8. ಕಿ, ತ್ತೂ, ರು, ನಮ್ಮ ಲೆಕ್ಕದಲ್ಲಿ ಮೂರೇ ಅಕ್ಷರವಲ್ಲವೆ? ಕಂಪ್ಯೂಟರ್ ಗುಣಿತವನ್ನೂ ಒತ್ತನ್ನೂ ಬೇರೆ ಬೇರೆ ಎಣಿಸುತ್ತದೆ: ಕ, ಗುಡಿಸು, ತ, ಒತ್ತಿನ ಚಿಹ್ನೆ, ಮತ್ತೆ ತ, ದೀರ್ಘ ಕೊಂಬು, ರ, ಕೊಂಬು. ಒಟ್ಟು ಎಂಟು. ‘-ಎಂ’ ಬದಲು ‘-ಸಿ’ ಎಂದರೆ ಬೈಟುಗಳ ಲೆಕ್ಕ ಬರುತ್ತದೆ, ಉತ್ತರ 24. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟು ಬೇಕು. ಹಾಗಾದರೆ ‘ಸವದತ್ತಿ’ಗೆ ಎಷ್ಟು? ಮಕ್ಕಳು ಮೊದಲು ವಹಿಯಲ್ಲಿ ಲೆಕ್ಕ ಹಾಕಿ, ಆಮೇಲೆ ಯಂತ್ರವನ್ನು ಕೇಳಬೇಕು. ಏಳು ಚಿಹ್ನೆ, 21 ಬೈಟು ಎಂದು ಬರೆದವರು ಪಾಸು!

ಟರ್ಮಿನಲ್ ಕಿಟಕಿಗಳಲ್ಲಿ ಒತ್ತಕ್ಷರ ಕೆಲವೊಮ್ಮೆ ಒಡೆದಂತೆ ಕಾಣುತ್ತದೆ. ಅದು ತೋರಿಕೆಯ ದೋಷ, ಫೈಲಿನಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ. ಕೆಡಿಇಯ ಕನ್ಸೋಲ್ ಎಂಬ ಟರ್ಮಿನಲ್ ಈ ವಿಷಯದಲ್ಲಿ ಮೇಲು.

ಮೆನುಗಳೂ ಕನ್ನಡದಲ್ಲಿ ಬೇಕೆಂದರೆ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಆರಿಸಬಹುದು. ಇದರ ಹಿಂದೆ ಸಂಬಳವಿಲ್ಲದೆ ಸಾವಿರಾರು ಸಾಲು ಅನುವಾದ ಮಾಡಿದ ಸ್ವಯಂಸೇವಕರ ಶ್ರಮವಿದೆ. ಆದರೆ ಅನುವಾದ ಪೂರ್ತಿಯಾಗಿಲ್ಲ. ಹೊಸ ಆವೃತ್ತಿ ಬಂದಂತೆಲ್ಲ ಹೊಸ ಸಾಲುಗಳು ಸೇರುತ್ತವೆ. ಕನ್ನಡಿಸುವ ಕೈಗಳು ಸಾಲದೆ ಹೋದರೆ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗಿ ಉಳಿಯುತ್ತದೆ. ಒಳ್ಳೆಯ ಕನ್ನಡ ಬಲ್ಲ ವಿದ್ಯಾರ್ಥಿಗೆ, ಕನ್ನಡ ಶಿಕ್ಷಕರಿಗೆ ಇಲ್ಲಿ ಮಾಡಲು ಕೆಲಸವಿದೆ. ಪ್ರೋಗ್ರಾಮಿಂಗ್ ಬರಲೇಬೇಕೆಂದಿಲ್ಲ.

ಮನೆಗೆ ಸುಣ್ಣಬಣ್ಣ

ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಬಳಿಯುವಂತೆ ಲಿನಕ್ಸ್‌ನ ಮೇಜುಪರದೆಯನ್ನು ಬೇಕಾದಂತೆ ಸಿಂಗರಿಸಬಹುದು. ವಿಂಡೋಸ್‌ನಲ್ಲಿ ಗೋಡೆಯ ಬಣ್ಣ ಬದಲಿಸಬಹುದಾದರೆ ಇಲ್ಲಿ ಬಾಗಿಲು, ಕಿಟಕಿಗಳನ್ನೇ ಕಿತ್ತು ಬೇರೆಡೆ ಕೂಡಿಸಬಹುದು. ಕೆಡಿಇ 1996ರಲ್ಲಿ, ಗ್ನೋಮ್ 1997ರಲ್ಲಿ ಶುರುವಾದ ದೊಡ್ಡ ಮೇಜುಪರದೆ ಯೋಜನೆಗಳು. ಎಕ್ಸ್‌ಎಫ್‌ಸಿಇ, ಮಾಟೆ ಹಗುರವಾದವು. ಸಿನಮನ್ ವಿಂಡೋಸ್ ರೂಢಿಯವರಿಗೆ ಹತ್ತಿರದ್ದು. ಒಂದೇ ಯಂತ್ರದಲ್ಲಿ ಎರಡನ್ನು ಇಟ್ಟುಕೊಂಡು ಒಳಬರುವಾಗ ಬೇಕಾದುದನ್ನು ಆರಿಸಬಹುದು.

ಎಲ್ಲಿಂದ ಆರಂಭಿಸಬೇಕು? ಮೊದಲು ಅಕ್ಷರದ ಗಾತ್ರ. ಕನ್ನಡಕವಿರುವ ಅಜ್ಜನಿಗೆ ದೊಡ್ಡ ಅಕ್ಷರ ಬೇಕು. ಆಮೇಲೆ ಕನ್ನಡದ ಅಕ್ಷರವಿನ್ಯಾಸ. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ. ನವಿಲುತೀರ್ಥದ ನೆರೆಯ ಮಕ್ಕಳು ನವಿಲನ್ನೇ ಮೊದಲು ಹಾಕಿ ನೋಡಲಿ. ಫಾಂಟಿನ ಫೈಲುಗಳನ್ನು ತಮ್ಮ ಮನೆ ಫೋಲ್ಡರಿನ ಒಳಗೇ ಇಟ್ಟುಕೊಳ್ಳಬಹುದು, ಇಡೀ ಯಂತ್ರಕ್ಕೆ ಹಾಕಬೇಕೆಂದಿಲ್ಲ. ಅನಂತರ ಕೆಳಗಿನ ಪಟ್ಟಿ ಮೇಲಿರಬೇಕೆ, ಎಡಕ್ಕಿರಬೇಕೆ. ಕಣ್ಣಿಗೆ ತಂಪಾದ ಕಡುಬಣ್ಣ ಬೇಕೆ. ದಿನವೂ ಬಳಸುವ ತಂತ್ರಾಂಶಕ್ಕೆ ಯಾವ ಕೀಲಿ ಎಂಬುದನ್ನೆಲ್ಲ ತೀರ್ಮಾನಿಸಬಹುದು.

ಸಿಂಗಾರದ ಮುಕ್ಕಾಲು ಗುಟ್ಟು ಚುಕ್ಕೆಯಿಂದ ಶುರುವಾಗುವ ಫೈಲುಗಳಲ್ಲಿದೆ. ಹೆಸರಿನ ಮೊದಲಲ್ಲಿ ಚುಕ್ಕೆ ಇದ್ದರೆ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ‘ಎಲ್-ಎಸ್’ ಜತೆ ‘-ಎ’ ಸೇರಿಸಿದರೆ ಕಾಣುತ್ತವೆ. ಅವುಗಳಲ್ಲಿ ಬ್ಯಾಶ್‌ಆರ್‌ಸಿ ಎಂಬುದು ಟರ್ಮಿನಲ್ಲಿನ ಜಾತಕವಿದ್ದಂತೆ. ಅದರಲ್ಲಿ ‘ಅಲಿಯಾಸ್’ ಎಂಬ ಒಂದು ಸಾಲು ಸೇರಿಸಿ ‘ಎಲ್-ಎಸ್ -ಎಲ್’ ಆದೇಶಕ್ಕೆ ‘ಪಟ್ಟಿ’ ಎಂಬ ಅಡ್ಡಹೆಸರಿಟ್ಟರೆ, ಮುಂದಿನ ಸಲ ಟರ್ಮಿನಲ್ ತೆರೆದು ಕನ್ನಡದಲ್ಲೇ ‘ಪಟ್ಟಿ’ ಎಂದರೂ ಯಂತ್ರ ಕೇಳುತ್ತದೆ. ಆದೇಶ ಇಂಗ್ಲಿಷಿನಲ್ಲೇ ಇರಬೇಕೆಂಬುದೂ ಒಂದು ಭ್ರಮೆ ಎಂದು ಮಗುವಿಗೆ ಅಂದು ಗೊತ್ತಾಗುತ್ತದೆ. ಆ ಫೈಲಿಗೆ ಕೈ ಹಚ್ಚುವ ಮುನ್ನ ಮಾತ್ರ ಸಿ-ಪಿ ಮಾಡಿ ಒಂದು ನಕಲು ಇಟ್ಟಿರಬೇಕು. ಕೆಟ್ಟರೆ ನಕಲನ್ನು ಮರಳಿ ತಂದರಾಯಿತು.

ಸಿಂಗಾರದಲ್ಲೇ ಮೈಮರೆಯುವ ಅಪಾಯವೂ ಉಂಟು. ಬಣ್ಣ ಬದಲಿಸುವುದರಲ್ಲೇ ಪರೀಕ್ಷೆಯ ತಿಂಗಳು ಕಳೆದುಹೋಗಬಾರದು. ದಿನಕ್ಕೊಂದೇ ಬದಲಾವಣೆ, ಅದನ್ನು ವಹಿಯಲ್ಲಿ ಬರೆದಿಡುವುದು ಒಳ್ಳೆಯ ನಿಯಮ. ಪ್ರಯೋಗಕ್ಕೆಂದೇ ಬೇರೊಂದು ಬಳಕೆದಾರನ ಖಾತೆ ತೆರೆದರೆ ಮನೆಮಂದಿಯ ಕೆಲಸಕ್ಕೆ ಅಡಚಣೆಯಾಗದು.

ಪಾಲಕರ ಕೆಲವು ಸಂಶಯ

ಕಂಪ್ಯೂಟರ್ ಕೆಟ್ಟುಹೋಗುವುದಿಲ್ಲವೆ? ಸಾಮಾನ್ಯ ಆದೇಶಗಳಿಂದ ಕೆಡುವುದಿಲ್ಲ. ವಿದ್ಯಾರ್ಥಿ ತನ್ನ ಮನೆ ಫೋಲ್ಡರಿನ ಆಚೆಗಿರುವ ವ್ಯವಸ್ಥೆಯ ಫೈಲುಗಳನ್ನು ಅಳಿಸಲಾರ. ಆದರೆ ಎಸ್-ಯು-ಡಿ-ಒ ಎಂದು ಆದೇಶದ ಮೊದಲು ಬರೆದರೆ ಯಜಮಾನನ ಅಧಿಕಾರ ಬರುತ್ತದೆ. ಆಗ ಗುಪ್ತಪದ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣದಿದ್ದರೆ ಕೀಲಿಮಣೆ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಮರೆಮಾಡುವುದೇ ಅದರ ರೀತಿ. ಈ ಅಧಿಕಾರದೊಂದಿಗೆ ಆರ್-ಎಂ ಬಳಸಿದರೆ ಅನಾಹುತವಾಗಬಹುದು. ಟರ್ಮಿನಲ್ಲಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ಹೋದದ್ದು ಹೋಯಿತು. ‘-ಐ’ ಸೇರಿಸಿದರೆ ಪ್ರತಿ ಸಲ ‘ಅಳಿಸಲೇ’ ಎಂದು ಕೇಳುತ್ತದೆ. ಕಲಿಯುವವರಿಗೆ ಅದೇ ಕ್ಷೇಮ. ಎಲ್ಲಿಯೋ ಕಂಡ ಆದೇಶವನ್ನು ಅರ್ಥ ತಿಳಿಯದೆ ಒತ್ತುವುದು ಗುರುತಿಲ್ಲದ ಗುಳಿಗೆ ನುಂಗಿದಂತೆ.

ವಿಂಡೋಸ್ ತೆಗೆದು ಲಿನಕ್ಸ್ ಹಾಕುವಾಗ? ಇಲ್ಲಿ ಮಾತ್ರ ಎಚ್ಚರ ತಪ್ಪುವಂತಿಲ್ಲ. ‘ಇಡೀ ಡಿಸ್ಕ್ ಅಳಿಸು’ ಎಂಬ ಆಯ್ಕೆ ಒತ್ತಿದರೆ ಮದುವೆಯ ಫೋಟೊ, ಹೊಲದ ಉತಾರದ ಪ್ರತಿ, ಅಂಕಪಟ್ಟಿ ಎಲ್ಲ ಅಳಿಯುತ್ತವೆ. ಮೊದಲು ಎಲ್ಲವನ್ನೂ ಬೇರೆಡೆ ನಕಲು ಮಾಡಿರಬೇಕು. ನಡುವೆ ಕರೆಂಟು ಹೋದರೆ ಕೆಲಸ ಕೆಡುವುದರಿಂದ ಯುಪಿಎಸ್ ಇಲ್ಲದವರು ಕರೆಂಟು ನಿಶ್ಚಿತವಾಗಿ ಇರುವ ಹೊತ್ತು ನೋಡಿಕೊಳ್ಳಬೇಕು.

ಎಲ್ಲ ಕೆಲಸವೂ ಇದರಲ್ಲಿ ಆಗುತ್ತದೆಯೆ? ಇಲ್ಲ. ಓದು, ಬರಹ, ಲೆಕ್ಕದ ಹಾಳೆ, ಅಂತರ್ಜಾಲ, ವಿಡಿಯೊ, ಪ್ರೋಗ್ರಾಮಿಂಗ್ ಸಲೀಸಾಗಿ ಆಗುತ್ತವೆ. ಆದರೆ ವಾಣಿಜ್ಯ ವಿದ್ಯಾರ್ಥಿಗಳು ಕಲಿಯುವ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಫೋಟೊಶಾಪ್ ಕೂಡ ಹಾಗೆಯೇ. ಅಂಥ ಅಗತ್ಯವಿದ್ದವರು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು ಲೇಸು.

ನೌಕರಿ ಸಿಗುತ್ತದೆಯೆ? ಹತ್ತು ಆದೇಶ ಬಂದ ಮಾತ್ರಕ್ಕೆ ನೌಕರಿ ಸಿಗುತ್ತದೆಂದು ಹೇಳುವವರನ್ನು ನಂಬಬಾರದು. ಆದರೆ ಬ್ಯಾಂಕು, ರೈಲ್ವೆ, ಮೊಬೈಲ್ ಕಂಪನಿಗಳ ಹಿಂದೆ ದುಡಿಯುವ ದೊಡ್ಡ ಯಂತ್ರಗಳಲ್ಲಿ ಲಿನಕ್ಸ್‌ನದೇ ದೊಡ್ಡ ಪಾಲು. ಅವನ್ನು ನೋಡಿಕೊಳ್ಳುವವರು ಮೇಜುಪರದೆಯ ಚಿತ್ರ ಒತ್ತುತ್ತ ಕೂಡುವುದಿಲ್ಲ. ಇದೇ ಕಪ್ಪು ಪರದೆಯಲ್ಲಿ ದೂರದಿಂದಲೇ ಆದೇಶ ಕೊಡುತ್ತಾರೆ. ಆ ಕೆಲಸದ ಬಾಗಿಲಿಗೆ ಮೊದಲ ಮೆಟ್ಟಿಲು ಇದು.

ಒಂದು ತಿಂಗಳ ಪಾಠ

ಮೊದಲ ವಾರ: ಪೆನ್ ಡ್ರೈವಿನಿಂದ ನಡೆಸಿ ನೋಡುವುದು. ಏಳು ಆದೇಶ ಕಲಿತು ಜಿಲ್ಲೆಯ ಫೋಲ್ಡರು ಕಟ್ಟುವುದು.

ಎರಡನೆಯ ವಾರ: ಕನ್ನಡ ಕೀಲಿಮಣೆ. ಊರಿನ ಬಗ್ಗೆ ಒಂದು ಪುಟ ಬರೆದು ಅದರಲ್ಲಿ ಪದಗಳೆಷ್ಟು ಎಂದು ‘ಡಬ್ಲ್ಯು-ಸಿ -ಡಬ್ಲ್ಯು’ ಆದೇಶದಿಂದ ಎಣಿಸುವುದು.

ಮೂರನೆಯ ವಾರ: ಗ್ರೆಪ್, ಸಾರ್ಟ್, ಕೊಳವೆ. ಮಾರುಕಟ್ಟೆ ದರವೋ ಅಣೆಕಟ್ಟಿನ ಮಟ್ಟವೋ ಬಸ್ಸಿನ ವೇಳಾಪಟ್ಟಿಯೋ, ತಮಗೆ ಬೇಕಾದ ಒಂದು ಲೆಕ್ಕ.

ನಾಲ್ಕನೆಯ ವಾರ: ಸಿಂಗಾರ. ಫಾಂಟು, ಬಣ್ಣ, ಒಂದು ಅಲಿಯಾಸ್. ಎಲ್ಲವೂ ಸರಿಯೆನಿಸಿದರೆ, ನಕಲುಗಳನ್ನು ಮಾಡಿಕೊಂಡು ಡಿಸ್ಕಿಗೆ ಏರಿಸುವ ತೀರ್ಮಾನ.

ನಾಲ್ಕಾರು ಗೆಳೆಯರು ಕೂಡಿ ಕಲಿತರೆ ಇನ್ನೂ ಸುಲಭ. ಒಬ್ಬರ ಮನೆಯಲ್ಲಿ ಇಳಿಸಿಕೊಂಡದ್ದು ಎಲ್ಲರ ಪೆನ್ ಡ್ರೈವಿಗೆ ಆಗುತ್ತದೆ, ಒಬ್ಬರಿಗೆ ತೋಚದ್ದು ಇನ್ನೊಬ್ಬರಿಗೆ ತೋಚುತ್ತದೆ. ಲಿನಕ್ಸ್ ಬೆಳೆದದ್ದೂ ಹೀಗೆ ಹಂಚಿಕೊಂಡೇ. ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು ಎನ್ನುತ್ತಾರೆ ಹಿರಿಯರು. ಇಲ್ಲಿ ನೀರು ಮೊಣಕಾಲಿನಷ್ಟೇ ಇದೆ, ದಂಡೆಯೂ ಹತ್ತಿರವಿದೆ. ಮಕ್ಕಳು ಇಳಿಯಲಿ, ಪಾಲಕರು ದಂಡೆಯ ಮೇಲೆ ನಿಂತು ನೋಡಿದರೆ ಸಾಕು.